ಮೈಬ್ಯಾಟಿಸ್ ಕ್ಯಾಶ್: ‘ಇಲ್ಲ’ ಅನ್ನುವುದನ್ನೂ ನೆನಪಿಟ್ಟುಕೊಳ್ಳುತ್ತದೆ, ಹುಷಾರು

ಜಾವಾ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಡೇಟಾಬೇಸ್ ಕೆಲಸ ಮಾಡುವವರಿಗೆ ಮೈಬ್ಯಾಟಿಸ್ ಗೊತ್ತೇ ಇರುತ್ತದೆ. 2010ರಲ್ಲಿ ಅಪಾಚೆಯ ಐಬ್ಯಾಟಿಸ್‌ನಿಂದ ಬೇರೆಯಾಗಿ ಬಂದ ಲೈಬ್ರರಿ. ಎಸ್‌ಕ್ಯೂಎಲ್ (ಡೇಟಾಬೇಸ್‌ಗೆ ಪ್ರಶ್ನೆ ಕೇಳುವ ಭಾಷೆ) ನಾವೇ ಬರೆಯುತ್ತೇವೆ, ಬಂದ ಸಾಲುಗಳನ್ನು ಜಾವಾ ಆಬ್ಜೆಕ್ಟ್ ಮಾಡಿ ಕೊಡುವುದು ಅದರ ಕೆಲಸ. ಹುಬ್ಬಳ್ಳಿಯ ನಮ್ಮ ಆಫೀಸಿನಲ್ಲಿ ಬ್ಯಾಡಗಿಯ ಮೆಣಸಿನಕಾಯಿ ದಲಾಲರಿಗೆ ಮಾಡಿಕೊಡುವ ಲೆಕ್ಕದ ಸಾಫ್ಟ್‌ವೇರ್ ಇದರ ಮೇಲೆಯೇ ನಡೆಯುತ್ತದೆ. ನನಗಂತೂ ತುಂಬಾ ಇಷ್ಟ. ಆದರೆ ಡೇಟಾಬೇಸ್‌ನಲ್ಲಿ ಏನೂ ಸಿಗದಾಗ ಅದರ ಕ್ಯಾಶ್ (ಒಮ್ಮೆ ಬಂದ ಉತ್ತರವನ್ನು ಮತ್ತೆ ಬಳಸಲು ಇಟ್ಟುಕೊಳ್ಳುವ ಜಾಗ) ಏನು ಮಾಡುತ್ತದೆ ಅನ್ನುವುದನ್ನು ತಿಳಿದುಕೊಂಡೇ ಬಳಸಬೇಕು.

ಒಂದು ಮೆಣಸಿನಕಾಯಿ ಲಾಟಿನ ನಂಬರ್ ಹುಡುಕುತ್ತೀರಿ, ಸಾಲು ಇಲ್ಲ. ಒಂದೇ ಸಾಲನ್ನು ಕೇಳುವ ‘ಸೆಲೆಕ್ಟ್‌ಒನ್’ ನಿಮ್ಮ ಕೈಗೆ ನಲ್ (‘ಏನೂ ಇಲ್ಲ’ ಅನ್ನುವ ಗುರುತು) ಕೊಡುತ್ತದೆ. ಒಳಗೆ ಕ್ಯಾಶ್‌ನಲ್ಲಿ ಕೂರುವುದು ಮಾತ್ರ ನಲ್ ಅಲ್ಲ, ಖಾಲಿ ಲಿಸ್ಟ್. ಇದು ನನಗೆ ಬಹಳ ಹಿಡಿಸಿತು. ಖಾಲಿ ಲಿಸ್ಟ್ ಅಂದರೆ ಕೇಳಿ ಆಗಿದೆ, ಸಿಗಲಿಲ್ಲ ಅಂತ. ಕ್ಯಾಶ್‌ನಲ್ಲಿ ನೋಡಿದಾಗ ನಲ್ ಬಂದರೆ ಇನ್ನೂ ಕೇಳಿಯೇ ಇಲ್ಲ ಅಂತ. ಹಾಗಾಗಿ ಇಲ್ಲದ ನಂಬರನ್ನು ಮತ್ತೆ ಮತ್ತೆ ಕೇಳಿದರೂ ಡೇಟಾಬೇಸ್‌ಗೆ ಹೊರೆ ಬೀಳುವುದಿಲ್ಲ. ಆದರೆ ಈ ಖಾಲಿ ಲಿಸ್ಟ್‌ಗಳೂ ಜಾಗ ತಿನ್ನುತ್ತವೆ, ಸೆಟ್ಟಿಂಗ್ ಬದಲಿಸದೆ ಸುಮ್ನೆ ಬಿಟ್ಟರೆ ಕ್ಯಾಶ್ ಹಿಡಿಯುವುದು 1024 ಉತ್ತರ ಮಾತ್ರ.

ತೊಂದರೆ ಬರುವುದು ಬೇರೆಯವರು ಬರೆದಾಗ. ಅದೇ ಮ್ಯಾಪರ್‌ನಿಂದ (ಎಸ್‌ಕ್ಯೂಎಲ್ ಬರೆದಿಡುವ ಕಡತ) ಇನ್ಸರ್ಟ್ ಮಾಡಿ ಕಮಿಟ್ (ಬದಲಾವಣೆಯನ್ನು ಖಾಯಂ) ಮಾಡಿದರೆ ಕ್ಯಾಶ್ ತಾನೇ ಖಾಲಿಯಾಗುತ್ತದೆ, ಸರಿ. ತೂಕದ ಕಂಪ್ಯೂಟರಿನ ಬೇರೆ ಪ್ರೋಗ್ರಾಂ ಆ ಲಾಟನ್ನು ಸೇರಿಸಿದರೆ? ಮೈಬ್ಯಾಟಿಸ್‌ಗೆ ಗೊತ್ತೇ ಆಗುವುದಿಲ್ಲ, ಚೀಲ ಕಣ್ಣೆದುರಿಗಿದ್ದರೂ ಸ್ಕ್ರೀನ್ ಮಾತ್ರ ‘ಇಲ್ಲ’ ಅನ್ನುತ್ತಲೇ ಇರುತ್ತದೆ. ಇಂಥ ಕ್ವೆರಿಗೆ ‘ಯೂಸ್‌ಕ್ಯಾಶ್’ ಅನ್ನು ಫಾಲ್ಸ್ ಮಾಡಿಬಿಡಿ, ಆಗ ಅದು ಈ ಕ್ಯಾಶ್ ಬಳಸುವುದಿಲ್ಲ. ಬರೆಯುವುದು ನಿಮ್ಮದೇ ಇನ್ನೊಂದು ಮ್ಯಾಪರ್ ಆಗಿದ್ದರೆ ಎರಡಕ್ಕೂ ಒಂದೇ ಕ್ಯಾಶ್ ಕೊಡುವ ‘ಕ್ಯಾಶ್-ರೆಫ್’ ಸಾಕು.

ಸ್ವಂತ ಕ್ಯಾಶ್ ಕ್ಲಾಸ್ ಬರೆಯುವವರಿಗೆ ಇನ್ನೂ ದೊಡ್ಡ ಗುಂಡಿ ಇದೆ. ಒಂದೇ ಸೆಷನ್‌ನಲ್ಲಿ ಮೊದಲು ಸೆಲೆಕ್ಟ್, ಆಮೇಲೆ ಅಪ್‌ಡೇಟ್ ಮಾಡಿ ಕಮಿಟ್ ಒತ್ತಿದರೆ, ಕ್ಯಾಶ್‌ನಲ್ಲಿ ಸಿಗದೇ ಹೋಗಿದ್ದ ಕೀಗೆ (ಉತ್ತರವನ್ನು ಹುಡುಕುವ ಗುರುತು) ಮೈಬ್ಯಾಟಿಸ್ ನಲ್ ಅನ್ನೇ ಪುಟ್ ಮಾಡುತ್ತದೆ, ಅಂದರೆ ಕ್ಯಾಶ್‌ಗೆ ಹಾಕುತ್ತದೆ. ಬ್ಲಾಕಿಂಗ್ ಕ್ಯಾಶ್ (ಒಬ್ಬರು ಉತ್ತರ ತರುವವರೆಗೆ ಅದೇ ಕೀ ಕೇಳುವ ಉಳಿದವರನ್ನು ಕಾಯಿಸುವ ಕ್ಯಾಶ್) ಹಿಡಿದಿಟ್ಟ ಲಾಕ್ ಬಿಡಿಸಲು ಮಾಡಿದ ಏರ್ಪಾಡು ಅದು, ಕಾರಣ ಸರಿಯಾಗಿಯೇ ಇದೆ. ಮೈಬ್ಯಾಟಿಸ್‌ನದೇ ಕ್ಯಾಶ್ ಒಳಗೆ ಜಾವಾದ ಹ್ಯಾಶ್‌ಮ್ಯಾಪ್ ಬಳಸುವುದರಿಂದ ನಲ್ ಬಂದರೂ ನಡೆಯುತ್ತದೆ. ನೀವು ನಲ್ ಒಪ್ಪದ ಕನ್ಕರೆಂಟ್‌ಹ್ಯಾಶ್‌ಮ್ಯಾಪ್ ಇಟ್ಟಿದ್ದರೆ ಅಲ್ಲೇ ನಲ್‌ಪಾಯಿಂಟರ್ ಎಕ್ಸೆಪ್ಶನ್, ಅಂದರೆ ಎರರ್. ಸ್ಪ್ರಿಂಗ್ (ಜಾವಾದ ಒಂದು ಫ್ರೇಮ್‌ವರ್ಕ್) ಇಲ್ಲದೆ ಬಳಸುವಾಗ ಇನ್ನೂ ಕಷ್ಟ, ಯಾಕಂದ್ರೆ ಡೇಟಾಬೇಸ್ ಕಮಿಟ್ ಮೊದಲು ಆಗಿಬಿಟ್ಟಿರುತ್ತದೆ, ಎಕ್ಸೆಪ್ಶನ್ ಆಮೇಲೆ ಬರುತ್ತದೆ. ಗುಮಾಸ್ತರು ಕೆಲಸ ಆಗಲಿಲ್ಲ ಅಂದುಕೊಂಡು ಇನ್ನೊಮ್ಮೆ ಒತ್ತಿದರೆ ರೈತರ ಲೆಕ್ಕದಲ್ಲಿ ಎರಡು ಎಂಟ್ರಿ. ರೈತರ ದುಡ್ಡಿನ ವಿಷಯ ಇದು, ಹಗುರವಾಗಿ ತೆಗೆದುಕೊಳ್ಳುವ ಹಾಗಿಲ್ಲ ಅಲ್ವಾ.

ಪುಟ್‌ನಲ್ಲಿ ನಲ್ ಬಂದರೆ ಆ ಕೀಯನ್ನು ತೆಗೆದುಹಾಕುವ ಒಂದೇ ಸಾಲು ಸೇರಿಸಿದರೆ ಇದು ಸರಿಹೋಗುತ್ತದೆ. ಮೈಬ್ಯಾಟಿಸ್‌ಗೆ ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ಅದರ ಕೈಪಿಡಿಯಲ್ಲಿ ಸ್ವಂತ ಕ್ಯಾಶ್ ಬರೆಯುವ ಭಾಗದಲ್ಲಿ ಈ ನಲ್ ವಿಷಯವನ್ನು ದಪ್ಪ ಅಕ್ಷರದಲ್ಲಿ ಹಾಕಿದರೆ ಐದನೆಯದನ್ನೂ ಕೊಡುತ್ತೇನೆ.