ವಿಜಯನಗರದ ಸ್ಪೋಕನ್ ಇಂಗ್ಲಿಷ್ ಕ್ಲಾಸು: 6,500 ರೂಪಾಯಿಗೆ ಎರಡೂವರೆ ಸ್ಟಾರು

ನಾನು ಶಿರಾ ಕಡೆಯವನು, ಹತ್ತನೇ ಕ್ಲಾಸ್‌ವರೆಗೂ ಕನ್ನಡ ಮೀಡಿಯಂ, ಈಗ ಜ್ಞಾನಭಾರತಿಲಿ ಎಂಎಸ್ಸಿ. ಇಂಗ್ಲಿಷಲ್ಲಿ ಬರಿ ಅಂದ್ರೆ ಬರೀತೀನಿ, ಮಾರ್ಕ್ಸೂ ಬರತ್ತೆ, ಆದ್ರೆ ಸೆಮಿನಾರ್ ಇದೆ ಅಂದ್ರೆ ಎರಡು ದಿನ ಮುಂಚೆಯಿಂದ್ಲೇ ಊಟ ಸೇರಲ್ಲ. ಹೋದ ಸೆಮಿಸ್ಟರಲ್ಲಿ ಗುಡ್ ಮಾರ್ನಿಂಗ್ ಅಂದು ಎರಡನೇ ಸ್ಲೈಡಿಗೆ ಗಂಟಲು ಕಟ್ಕೊಂಡು, ನೀರು ಕುಡಿದು ಬರ್ತೀನಿ ಅಂತ ಆಚೆ ಬಂದವನು ವಾಪಸ್ ಒಳಗೆ ಹೋಗ್ಲೇ ಇಲ್ಲ. ಆಮೇಲೆ ವಿಜಯನಗರ ಮೆಟ್ರೋ ಹತ್ರದ ಈ ಇನ್‌ಸ್ಟಿಟ್ಯೂಟ್ ಸೇರ್ಕೊಂಡೆ, 45 ದಿನ. ಹೆಸರು ಹಾಕಲ್ಲ, ಸುಮ್ನೆ ಜಗಳ ಬೇಡ.

ಬೆಳಗಿನ ಬ್ಯಾಚು ದಂಡ. ಅರವತ್ತು ಜನ, ಒಂದು ಮೈಕು. ಸರ್ ಟೆನ್ಸ್ ಪಾಠ ಮಾಡ್ತಾರೆ, ಅದು ಪಿಯುಸಿಲೇ ಓದಿದ್ದೆ ಗುರು, ನನ್ನ ಪ್ರಾಬ್ಲಂ ಗ್ರಾಮರ್ ಅಲ್ವೇ ಅಲ್ಲ. ಯಾರನ್ನ ಬೇಕಾದ್ರೂ ಎಬ್ಬಿಸಿ ಸ್ಟೇಜಿಗೆ ಕಳಿಸ್ತಾರೆ, ತಪ್ಪು ಹೇಳಿದ್ರೆ ಅಲ್ಲೇ ತಡೆದು ತಿದ್ದುತಾರೆ, ಹಿಂದಿನ ಬೆಂಚು ಕಿಸಕ್ ಅನ್ನತ್ತೆ. ಕನ್ನಡ ಮಾತಾಡಿದ್ರೆ ಹತ್ತು ರೂಪಾಯಿ ಫೈನು. ಕಾಲ್ಬೆರಳಿಗೆ ಕುರ್ಚಿ ತಾಗಿ ಅಯ್ಯೋ ಅಂದಿದ್ದಕ್ಕೂ ಹಾಕಿದ್ರು.

ಬಿಟ್ಬಿಡೋಣ ಅಂತಿದ್ದೆ, ರೂಮ್‌ಮೇಟು ಭಾನುವಾರದ ಮೇಡಂ ಬ್ಯಾಚಿಗೆ ಹೋಗಿ ನೋಡು ಅಂದ. ಅಲ್ಲಿ ಎಂಟೇ ಜನ. ಮೊದಲ ದಿನ ಮೇಡಂ ಒಂದು ಜೆರಾಕ್ಸ್ ಕೊಟ್ರು, 33 ವಾಕ್ಯ, ಒಂದೊಂದಕ್ಕೂ 1ರಿಂದ 5ರವರೆಗೆ ಅಂಕ ನಾವೇ ಹಾಕೋದು. ನನ್ನ ಹೆಸರು ಕರೀತಾರೆ ಅಂತ ಗೊತ್ತಾದಾಗ ಎದೆ ಡವಡವ ಅನ್ನತ್ತೆ, ಈ ಥರದ್ದು. ಇದನ್ನ 1986ರಲ್ಲೇ ಅಮೆರಿಕದಲ್ಲಿ ಎಲೇನ್ ಹಾರ್ವಿಟ್ಜ್ ಅನ್ನೋರು ಇನ್ನಿಬ್ಬರ ಜೊತೆ ಸೇರಿ ಮಾಡಿದ್ದಂತೆ, ಬೇರೆ ಭಾಷೆ ಕಲಿಯೋರಿಗೆ ಕ್ಲಾಸಲ್ಲಿ ಆಗೋ ಭಯ ಅಳೆಯೋಕೆ. ಅಲ್ಲಿನ ಹುಡುಗರಿಗೂ ಸ್ಪ್ಯಾನಿಷ್ ಕ್ಲಾಸಲ್ಲಿ ಹಿಂಗೇ ಬೆವರ್ತಿತ್ತು ಅಂತ ಕೇಳಿ ಅರ್ಧ ಸಮಾಧಾನ ಆಯ್ತು, ನಾನೊಬ್ನೇ ಹಳ್ಳಿ ಗುಗ್ಗು ಅನ್ಕೊಂಡಿದ್ದೆ. ಜಾಸ್ತಿ ಅಂದ್ರೆ 165, ನಂದು 128.

ಆಮೇಲೆ ಜೋಡಿ ಮಾಡಿ ಮೂಲೆಲಿ ಕೂರಿಸಿದ್ರು. ನನ್ನ ಜೋಡಿ ಕಲಬುರಗಿ ಹುಡುಗ, ಜೋಳದ ರೊಟ್ಟಿ ಗಿರಾಕಿ, ಅವನಿಗೆ ಮುದ್ದೆ ಮಾಡೋದು ಹೇಗೆ ಅಂತ ಇಂಗ್ಲಿಷಲ್ಲಿ ಹೇಳ್ಬೇಕಿತ್ತು. ಎಸರು ಕುದ್ದಾಯ್ತು, ಹಿಟ್ಟು ಹಾಕಾಯ್ತು, ಗಂಟಾಗ್ದಂಗೆ ತೊಳಸೋದು ಅಂತ ಹೇಳಕ್ಕೆ ಬರ್ಲಿಲ್ಲ, ನೋ ನಾಟ್ಸ್ ಅಂದೆ, ಕೋಲು ತಿರುಗಿಸೋದನ್ನ ಕೈಯಲ್ಲೇ ತೋರಿಸ್ದೆ. ಅವನು ನಿಜವಾಗ್ಲೂ ಗೊತ್ತಿಲ್ದೆ ಕೇಳ್ತಿದ್ನಲ್ಲ, ಅವನಿಗೆ ಅರ್ಥ ಮಾಡಿಸೋ ಭರದಲ್ಲಿ ಹತ್ತು ನಿಮಿಷ ಮಾತಾಡಿದ್ದೇ ಗೊತ್ತಾಗ್ಲಿಲ್ಲ. ಮೇಡಂ ನಡುವೆ ಬಾಯಿ ಹಾಕ್ಲಿಲ್ಲ, ಕ್ಲಾಸ್ ಮುಗಿದ್ಮೇಲೆ ಚೀಟಿಲಿ ಬರ್ಕೊಟ್ರು, ಅದಕ್ಕೆ ಲಂಪ್ಸ್ ಅಂತಾರೆ ಅಂತ.

ಕೊನೇ ವಾರ ಅದೇ ಜೆರಾಕ್ಸ್ ಮತ್ತೆ ತುಂಬಿದೆ, 101. ಹೋದ ತಿಂಗಳು ಸೆಮಿನಾರ್ ಕೊಟ್ಟೆ, ಕೈ ನಡುಗ್ತಾನೇ ಇತ್ತು, ಆದ್ರೂ ಹನ್ನೆರಡು ನಿಮಿಷ ನಿಂತೆ.

ಎರಡೂವರೆ ಸ್ಟಾರೂ ಭಾನುವಾರಕ್ಕೇ. ಕೌಂಟರಲ್ಲಿ ಆ ಬ್ಯಾಚು ಫುಲ್ ಅಂತಾರೆ, ನಂಬ್ಬೇಡಿ, ನಾವಿದ್ದಾಗ ಎರಡು ಕುರ್ಚಿ ಖಾಲಿ ಇದ್ವು. ನನ್ನ ಫೈನು ಒಟ್ಟು 140 ರೂಪಾಯಿ, ಎಲ್ಲಾರ್ದೂ ಸೇರ್ಸಿ ಕೊನೇ ದಿನ ಪಾರ್ಟಿ ಅಂದಿದ್ರು, ಇವತ್ತಿಗೂ ಒಂದು ಸಮೋಸಾ ಕಂಡಿಲ್ಲ.