ಮಾಲ್ಟಾದಲ್ಲಿ ಒಂದು ಹಗಲು: ವಲೆಟ್ಟಾ, ಇಮ್ದೀನಾ, ಬಿರ್ಗು ಪೈಕಿ ಯಾವುದಕ್ಕೆ ಹೋಗಬೇಕು?

ಮೆಡಿಟರೇನಿಯನ್ ಕ್ರೂಸ್‌ನಲ್ಲಿ ಮಾಲ್ಟಾ ಬಂದರೆ ಬೆಳಿಗ್ಗೆ ಬೇಗ ಎದ್ದು ಡೆಕ್‌ಗೆ ಹೋಗಿ. ಗ್ರ್ಯಾಂಡ್ ಹಾರ್ಬರ್ ಒಳಗೆ ಹಡಗು ನುಗ್ಗುವಾಗ ಎರಡೂ ಕಡೆ ಜೇನು ಬಣ್ಣದ ಕೋಟೆಗೋಡೆ. ದುಡ್ಡು ಕೊಡದೆ ಸಿಗುವ ಅತಿ ಒಳ್ಳೆಯ ನೋಟ ಇದು. ಕಷ್ಟ ಇರುವುದು ಆಮೇಲೆ. ಸಂಜೆ ಹಡಗು ಹೊರಡುವ ಮುಂಚೆ ಸಿಗುವುದು ಕೆಲವೇ ಗಂಟೆ, ಅಷ್ಟರಲ್ಲಿ ಎಲ್ಲಿಗೆ ಹೋಗಬೇಕು? ಬೇರೆ ಬೇರೆ ಸಲ ಹೋದಾಗ ಮೂರೂ ಕಡೆ ಸುತ್ತಿದ್ದೇನೆ. ನನ್ನ ಲೆಕ್ಕ ಹೀಗಿದೆ.

ಈಗಿನ ರಾಜಧಾನಿ ವಲೆಟ್ಟಾ ಎಲ್ಲಕ್ಕಿಂತ ಹತ್ತಿರ. ಹಡಗಿನಿಂದ ಇಳಿದು ದಡದುದ್ದಕ್ಕೂ ಸ್ವಲ್ಪ ನಡೆದರೆ ಬರಾಕ್ಕಾ ಲಿಫ್ಟ್ ಸಿಗುತ್ತದೆ. 2012ರಲ್ಲಿ ಶುರುವಾದ ಈ ಲಿಫ್ಟ್ 58 ಮೀಟರ್ ಎತ್ತರದ್ದು, ನೇರ ಮೇಲಿನ ತೋಟಕ್ಕೆ ಬಿಡುತ್ತದೆ. ಮಧ್ಯಾಹ್ನ 12ಕ್ಕೆ ಅಲ್ಲೇ ಕೆಳಗಿನ ಅಟ್ಟದಿಂದ ತೋಪು ಹಾರಿಸುತ್ತಾರೆ. ನೋಡಬಹುದು, ಆದರೆ ಅದಕ್ಕೆ ಅಂತ ಕಾಯಬೇಡಿ. ಆ ಹೊತ್ತು ಸೇಂಟ್ ಜಾನ್ಸ್ ಕೆಥೆಡ್ರಲ್‌ಗೆ ಕೊಡಿ.

ಹೊರಗಿನಿಂದ ಅದು ಬರೀ ಕಲ್ಲಿನ ಪೆಟ್ಟಿಗೆ. ಒಳಗೆ ಕಾಲಿಟ್ಟರೆ ಗೋಡೆ ತುಂಬ ಚಿನ್ನ, ನೆಲದ ತುಂಬ ನೈಟ್‌ಗಳ, ಅಂದರೆ ಆಗ ಮಾಲ್ಟಾ ಆಳುತ್ತಿದ್ದ ಕ್ರೈಸ್ತ ಯೋಧರ ಪಂಗಡದವರ ಗೋರಿಕಲ್ಲು. ಬಣ್ಣಬಣ್ಣದ ಅಮೃತಶಿಲೆಯಲ್ಲಿ ಕೆತ್ತಿದ ಅಸ್ಥಿಪಂಜರಗಳ ಮೇಲೆಯೇ ನಡೆಯಬೇಕು. ಪಕ್ಕದ ಕೋಣೆಯಲ್ಲಿ ಇಟಲಿಯ ಚಿತ್ರಕಾರ ಕಾರವಾಜ್ಜೋ 1608ರಲ್ಲಿ ಬರೆದ ಚಿತ್ರ, ಸ್ನಾನಿಕ ಯೋಹಾನನ ಶಿರಚ್ಛೇದ. ಅಷ್ಟು ದೊಡ್ಡ ಕ್ಯಾನ್ವಾಸಿನಲ್ಲಿ ಅರ್ಧ ಭಾಗ ಖಾಲಿ ಗೋಡೆ. ಕಿಟಕಿ ಕಂಬಿ ಹಿಂದೆ ಇಬ್ಬರು ಕೈದಿಗಳು ಕತ್ತು ಚಾಚಿ ನೋಡುತ್ತಿದ್ದಾರೆ. ಹತ್ತಿರ ಹೋಗಿ ಕೆಳಗೆ ನೋಡಿ: ಕುತ್ತಿಗೆಯಿಂದ ಸುರಿದ ರಕ್ತದಲ್ಲೇ ಚಿತ್ರಕಾರ ತನ್ನ ಹೆಸರು ಬರೆದಿದ್ದಾನೆ. ಅವನು ಸಹಿ ಹಾಕಿದ ಚಿತ್ರ ಇದೊಂದೇ. ಅವನನ್ನು ನೈಟ್ ಮಾಡಿದ್ದು ಅದೇ ವರ್ಷ ಜುಲೈನಲ್ಲಿ, ಡಿಸೆಂಬರ್‌ನಲ್ಲಿ ಇದೇ ಕೋಣೆಯಲ್ಲಿ ಆ ಪಂಗಡದಿಂದ ಹೊರಗೆ ಹಾಕಿದರು.

ವಲೆಟ್ಟಾದ ತೊಂದರೆ ಒಂದೇ, ಮಂಡಿ. ಬೀದಿಗಳು ಗೆರೆ ಎಳೆದಷ್ಟು ನೇರ, ಆದರೆ ಎರಡೂ ಪಕ್ಕಕ್ಕೆ ಇಳಿಜಾರು, ಎಷ್ಟೋ ಕಡೆ ಬರೀ ಮೆಟ್ಟಿಲು.

ಹಡಗಿನ ಡೆಸ್ಕ್‌ನಲ್ಲಿ ಜಾಸ್ತಿ ಮಾರಾಟವಾಗುವುದು ಹಳೆಯ ರಾಜಧಾನಿ ಇಮ್ದೀನಾದ ಬಸ್ ಟೂರ್. ಊರು ನಿಜವಾಗಿಯೂ ಚೆಂದ. 1693ರ ಭೂಕಂಪದಲ್ಲಿ ಹಳೆಯ ಕೆಥೆಡ್ರಲ್ ಹಾಳಾಗಿ, ಆಮೇಲೆ ಕಟ್ಟಿದ ಈಗಿನ ಕೆಥೆಡ್ರಲ್‌ನಲ್ಲಿ ಎರಡು ಗಡಿಯಾರ ಇವೆ. ಒಂದು ಹೊತ್ತು ತೋರಿಸುತ್ತದೆ, ಇನ್ನೊಂದು ತಾರೀಖು. ಕೋಟೆ ಅಂಚಿನ ಚೌಕದಿಂದ ಅರ್ಧ ದ್ವೀಪವೇ ಕಾಣುತ್ತದೆ. ಆದರೆ ಈ ಊರಿಗಿರುವ 'ಮೌನ ನಗರ' ಅನ್ನುವ ಹೆಸರು ಬಸ್ಸುಗಳು ಬಂದು ನಿಲ್ಲುವ ಹೊತ್ತಿನಲ್ಲಿ ನಗು ಬರಿಸುತ್ತದೆ. ನಮ್ಮ ಟೂರ್‌ನವರು ದಾರಿಯಲ್ಲಿ ಗಾಜಿನ ಸಾಮಾನಿನ ಅಂಗಡಿ ಮುಂದೆ ಬಸ್ ನಿಲ್ಲಿಸಿ ಸುಮ್ನೆ ಹೊತ್ತು ಕಳೆದರು. ಊರಿನೊಳಗೆ ಸಿಕ್ಕ ಸಮಯಕ್ಕಿಂತ ಅಲ್ಲೇ ಜಾಸ್ತಿ ನಿಂತ ಹಾಗನ್ನಿಸಿತು. ಸ್ವಂತವಾಗಿ ಹೋಗುವುದಾದರೆ ವಲೆಟ್ಟಾದ ಬಸ್ ನಿಲ್ದಾಣದಿಂದ ಬಸ್ ಇದೆ, ಅರ್ಧ ಗಂಟೆಗೆ ಮೇಲೇ ಹಿಡಿಯುತ್ತದೆ. ದುಡ್ಡು ತುಂಬ ಉಳಿಯುತ್ತದೆ. ಆದರೆ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡರೆ ಹಡಗು ನಿಮಗಾಗಿ ಕಾಯುವುದಿಲ್ಲ. ಹಡಗಿನ ಟೂರ್ ತಡವಾದರೆ ಕಾಯುತ್ತದೆ. ನೀವು ಕೊಡುವ ಹೆಚ್ಚಿನ ದುಡ್ಡು ಅದಕ್ಕೇ.

ಒಂದು ಮಾತು ಮಾತ್ರ ಒಪ್ಪಬೇಕು. ಅಪ್ಪ ಅಮ್ಮ ಜೊತೆಗಿದ್ದರೆ ವಲೆಟ್ಟಾಗಿಂತ ಇಮ್ದೀನಾ ಸುಲಭ. ಊರಬಾಗಿಲ ಹತ್ತಿರದವರೆಗೂ ಬಸ್ಸಿನಲ್ಲೇ ಹೋಗಬಹುದು, ಒಳಗೆ ನಡೆಯುವುದೂ ಕಡಿಮೆ.

ನನಗೆ ಹಿಡಿಸಿದ್ದು ಮೂರನೆಯದು, ಬಿರ್ಗು. ಬಂದರಿನ ಆಚೆ ದಡದ 'ಮೂರು ನಗರ'ಗಳಲ್ಲಿ ಇದೂ ಒಂದು. ವಲೆಟ್ಟಾ ಕಟ್ಟಲು ಶುರು ಮಾಡಿದ್ದು 1566ರಲ್ಲಿ. ಅದರ ಹಿಂದಿನ ವರ್ಷ ಆಟೋಮನ್ ಸೈನ್ಯದ ಮುತ್ತಿಗೆಯನ್ನು ನೈಟ್‌ಗಳು ತಡೆದು ನಿಂತದ್ದು ಈ ಕಡೆಯಿಂದ. ಲಿಫ್ಟ್ ಕೆಳಗಿನಿಂದಲೇ ಫೆರಿ ಹೊರಡುತ್ತದೆ. ಅದಕ್ಕಿಂತ ದೈಸಾ ಅನ್ನುವ ಬಣ್ಣದ ಚಿಕ್ಕ ದೋಣಿ ಹತ್ತಿ. ನಮ್ಮದೇ ಹಡಗಿನ ಪಕ್ಕ ಹಾದು ಹೋಗುವಾಗ ಅದು ಬೆಟ್ಟದ ಹಾಗೆ ನಿಂತಿರುತ್ತದೆ. ಅಲೆ ಎದ್ದರೆ ಚಪ್ಪಲಿ ಒದ್ದೆಯಾಗುತ್ತದೆ, ಅಷ್ಟೇ.

ಬಿರ್ಗುವಿನಲ್ಲಿ ಬಟ್ಟೆ ಒಣಗಿಹಾಕಿದ ಮನೆಗಳು, ಬಾಗಿಲಲ್ಲಿ ಕೂತ ಅಜ್ಜಿಯರು. ಇನ್‌ಕ್ವಿಸಿಷನ್, ಅಂದರೆ ಧರ್ಮದ್ರೋಹದ ಆರೋಪ ಹೊತ್ತವರನ್ನು ವಿಚಾರಿಸುತ್ತಿದ್ದ ಚರ್ಚಿನ ನ್ಯಾಯಾಲಯದ ಅರಮನೆಗೆ ತಪ್ಪದೆ ಹೋಗಿ. ಕೈದಿಗಳು ಸೆರೆಕೋಣೆಯ ಗೋಡೆಯಲ್ಲಿ ಗೀಚಿದ ಗುರುತುಗಳು ಇನ್ನೂ ಹಾಗೇ ಇವೆ. ಊಟಕ್ಕೆ ಎಲ್ಲ ಕಡೆಯೂ ಪಸ್ತೀಜ್ಜಿ ಸಿಗುತ್ತದೆ, ಬಟಾಣಿ ಅಥವಾ ರಿಕೋಟ್ಟಾ ಚೀಸ್ ತುಂಬಿದ ಪಫ್‌ನಂಥ ತಿಂಡಿ. ಸಸ್ಯಾಹಾರಿಗಳು ಹಿಟ್ಟಿಗೆ ಯಾವ ಕೊಬ್ಬು ಹಾಕಿದ್ದೀರಿ ಅಂತ ಕೇಳಿಕೊಳ್ಳಿ. ಹಳೆಯ ಪದ್ಧತಿಯಲ್ಲಿ ಹಂದಿಕೊಬ್ಬು ಹಾಕುತ್ತಾರೆ. ಇಂಗ್ಲಿಷ್ ಅಲ್ಲಿನ ಅಧಿಕೃತ ಭಾಷೆಗಳಲ್ಲಿ ಒಂದು, ಕೇಳುವುದಕ್ಕೆ ಕಷ್ಟವಿಲ್ಲ.

ಹಾಗಾಗಿ ನನ್ನ ಓಟು: ಬೆಳಿಗ್ಗೆ ಕೆಥೆಡ್ರಲ್, ಮಧ್ಯಾಹ್ನ ದೋಣಿಯಲ್ಲಿ ಬಿರ್ಗು. ಇಮ್ದೀನಾ ಮಾಲ್ಟಾದಲ್ಲೇ ರಾತ್ರಿ ಉಳಿಯುವವರಿಗೆ ಇರಲಿ. ಹಡಗು ಭಾನುವಾರ ಬಂದರೆ ಮಾತ್ರ ಈ ಲೆಕ್ಕ ತಲೆಕೆಳಗು. ಅವತ್ತು ಪ್ರಾರ್ಥನೆಗೆ ಬಿಟ್ಟು ಪ್ರವಾಸಿಗರಿಗೆ ಕೆಥೆಡ್ರಲ್ ಒಳಗೆ ಪ್ರವೇಶವಿಲ್ಲ. ಹಾಗಿದ್ದರೆ ಬೆಳಿಗ್ಗೆ ಮಾರ್ಸಾಶ್ಲಾಕ್ ಅನ್ನುವ ಮೀನುಗಾರರ ಊರಿನ ಮೀನಿನ ಸಂತೆಗೆ ಹೋಗಿ. ಮೂತಿಗೆ ಕಣ್ಣು ಬರೆದ ದೋಣಿಗಳು ಅಲ್ಲಿ ಸಾಲಾಗಿ ನಿಂತಿರುತ್ತವೆ, ಮೀನು ತಿನ್ನದವರಿಗೂ ಅದು ನೋಡುವಂಥದ್ದು.