ಬೇಸ್‌ಮೆಂಟ್ ಗೋಡೆ ಸೋರುತ್ತಿದೆಯೇ? ಒಳಗಿನಿಂದ ಲೇಪನ ಬಳಿಸುವ ಮುನ್ನ ಓದಿ

ಬೇಗೂರಿನ ಕಡೆ ಇರುವ ನಮ್ಮ ಅಪಾರ್ಟ್‌ಮೆಂಟಿನ ಎರಡನೆಯ ಬೇಸ್‌ಮೆಂಟ್‌ನಲ್ಲಿ, ಪಶ್ಚಿಮದ ಕಾಂಕ್ರೀಟ್ ಗೋಡೆಗೆ ಓರೆಯಾಗಿ ಹನ್ನೊಂದು ಅಡಿ ಉದ್ದದ ಬಿರುಕು ಬಿಟ್ಟಿತ್ತು. ಮಳೆಗಾಲದಲ್ಲಿ ಅದರಿಂದ ನೀರು ಜಿನುಗುತ್ತಿತ್ತು. ಅಂಚಿನಲ್ಲಿ ಸುಣ್ಣದಂತಹ ಬಿಳಿ ಲವಣ ಕಟ್ಟಿಕೊಳ್ಳುತ್ತಿತ್ತು. ಅಸೋಸಿಯೇಷನ್ನಿನ ಖಜಾಂಚಿಯಾಗಿ ದುರಸ್ತಿಗೆ ಹಣ ಕೊಟ್ಟವನು ನಾನು. ನಮಗೆ ತಡವಾಗಿ ತಿಳಿದದ್ದು ಉಳಿದವರಿಗೆ ಮೊದಲೇ ತಿಳಿಯಲಿ ಎಂದು ಬರೆಯುತ್ತಿದ್ದೇನೆ.

ವಾಟರ್‌ಪ್ರೂಫಿಂಗ್ ಗುತ್ತಿಗೆದಾರರು ಬಂದದ್ದು ಫೆಬ್ರವರಿಯಲ್ಲಿ, ಗೋಡೆ ಪೂರ್ತಿ ಒಣಗಿದ್ದಾಗ. ಬಿರುಕನ್ನು ‘ವಿ’ ಆಕಾರದಲ್ಲಿ ಕೊರೆದು, ಕೆಮಿಕಲ್ ಬೆರೆಸಿದ ಸಿಮೆಂಟ್ ತುಂಬಿ, ಮೇಲೆ ಎರಡು ಕೋಟ್ ಬಳಿದರೆ ಹತ್ತು ವರ್ಷ ಗ್ಯಾರಂಟಿ ಎಂದರು. ನೀರು ಎಲ್ಲಿಂದ ಬರುತ್ತಿದೆ ಎಂದು ಅವರು ಕೇಳಲಿಲ್ಲ, ನಾವೂ ಕೇಳಲಿಲ್ಲ. ಕೆಲಸ ಮುಗಿದ ವಾರದಲ್ಲೇ ಒಂದು ಲಕ್ಷ ಎಂಬತ್ತು ಸಾವಿರ ರೂಪಾಯಿ ಪೂರ್ತಿ ಪಾವತಿಸಿದೆವು. ಆಗಸ್ಟ್‌ನಲ್ಲಿ ನಾಲ್ಕು ದಿನ ಮಳೆ ಹಿಡಿದಾಗ ಲೇಪನವು ಬೊಬ್ಬೆಯಂತೆ ಉಬ್ಬಿ ಒಡೆಯಿತು. ನೀರು ಅಲ್ಲಿಂದಲೂ, ನಾಲ್ಕು ಅಡಿ ಆಚೆ ಗೋಡೆ ಮತ್ತು ನೆಲ ಸೇರುವ ಸಂದಿನಿಂದಲೂ ಹರಿಯತೊಡಗಿತು. ಗ್ಯಾರಂಟಿ ಪತ್ರವನ್ನು ತೆಗೆದು ನೋಡಿದರೆ, ಅದು ಲೇಪನದ ಸಾಮಗ್ರಿಗೆ ಮಾತ್ರ ಅನ್ವಯಿಸುತ್ತಿತ್ತು. ಸೋರಿಕೆಯ ಪ್ರಸ್ತಾಪವೇ ಅದರಲ್ಲಿರಲಿಲ್ಲ.

ಅನಂತರ ಕರೆಸಿದ ಸ್ಟ್ರಕ್ಚರಲ್ ಎಂಜಿನಿಯರ್ ಬೇಸ್‌ಮೆಂಟ್‌ಗೆ ಇಳಿಯುವ ಮುನ್ನ ಗೋಡೆಯ ಹೊರಬದಿಯ ನೆಲವನ್ನು ನಡೆದು ನೋಡಿದರು. ಟೆರೇಸಿನ ಮಳೆನೀರೆಲ್ಲ ಸೇರುವ ಇಂಗುಗುಂಡಿ ಗೋಡೆಯಿಂದ ಐದೇ ಅಡಿ ದೂರದಲ್ಲಿತ್ತು. (ಮಳೆನೀರು ಇಂಗಿಸುವುದು ಈ ಊರಿಗೆ ಅತ್ಯಗತ್ಯ, ಬೇಸ್‌ಮೆಂಟಿನ ಮಗ್ಗುಲಲ್ಲಿ ಇಂಗಿಸುವುದು ತಪ್ಪು.) ಆ ಪೈಪನ್ನು ಹತ್ತು ದಿನ ಬೇರೆಡೆಗೆ ತಿರುಗಿಸಿದಾಗ ಸೋರಿಕೆ ಅರ್ಧಕ್ಕೆ ಇಳಿಯಿತು. ಗೋಡೆಯ ಹಿಂದೆ ಮೂರು ಮೀಟರ್ ಎತ್ತರಕ್ಕೆ ನೀರು ನಿಂತರೆ ಬುಡದಲ್ಲಿ ಪ್ರತಿ ಚದರ ಮೀಟರಿಗೆ ಸುಮಾರು ಮೂರು ಟನ್ ಒತ್ತಡ ಬೀಳುತ್ತದೆ. ಹೊರಗಿನಿಂದ ಹಚ್ಚಿದ ಲೇಪನವನ್ನು ಆ ಒತ್ತಡವೇ ಗೋಡೆಗೆ ಅದುಮಿ ಹಿಡಿಯುತ್ತದೆ, ಒಳಗಿನಿಂದ ಹಚ್ಚಿದ್ದನ್ನು ಕಿತ್ತು ತಳ್ಳುತ್ತದೆ. ಬಿರುಕಿನ ಬಾಯಿಯನ್ನಷ್ಟೇ ಮುಚ್ಚಿದರೆ ನೀರು ಗೋಡೆಯ ದಪ್ಪದೊಳಗೆ ಉಳಿದು ಕಬ್ಬಿಣದ ಸರಳುಗಳಿಗೆ ತುಕ್ಕು ಹಿಡಿಸುತ್ತದೆ. ತುಕ್ಕು ಹಿಗ್ಗಿದಂತೆ ಕಾಂಕ್ರೀಟ್ ಇನ್ನಷ್ಟು ಸೀಳುತ್ತದೆ. ಮಣ್ಣಿಗೆ ಅಥವಾ ಅಂತರ್ಜಲಕ್ಕೆ ತಾಗಿದ ಕಾಂಕ್ರೀಟಿನಲ್ಲಿ ಬಿರುಕಿನ ಅಗಲಕ್ಕೆ ಕಾಂಕ್ರೀಟ್ ಕಟ್ಟಡಗಳ ಭಾರತೀಯ ಮಾನಕವಾದ ಐಎಸ್ 456:2000 ಹೇಳುವ ಮಿತಿ 0.2 ಮಿ.ಮೀ.; ನಮ್ಮದು 0.6 ಮಿ.ಮೀ. ಇತ್ತು.

ಕೊನೆಗೆ ಸೋರಿಕೆ ನಿಂತದ್ದು ಇಂಜೆಕ್ಷನ್‌ನಿಂದ. ಬಿರುಕಿನ ಎಡಕ್ಕೊಂದು ಬಲಕ್ಕೊಂದರಂತೆ ಓರೆಯಾಗಿ ರಂಧ್ರ ಕೊರೆದು, ಅವು ಗೋಡೆಯ ದಪ್ಪದ ನಡುವೆ ಬಿರುಕನ್ನು ಸೇರುವಂತೆ ಮಾಡಿ, ಪ್ಯಾಕರ್ (ರಾಳ ಒಳಗೆ ತಳ್ಳುವ ಸಣ್ಣ ನಳಿಕೆ) ಕೂರಿಸಿ, ಪಾಲಿಯುರೆಥೇನ್ ರಾಳವನ್ನು ಕೆಳಗಿನಿಂದ ಮೇಲಕ್ಕೆ ಪಂಪ್ ಮಾಡಿದರು. ನೀರು ತಾಗಿದೊಡನೆ ಅದು ನೊರೆಯಾಗಿ ಉಬ್ಬಿ ಬಿರುಕನ್ನು ಒಳಗಿನಿಂದಲೇ ತುಂಬುತ್ತದೆ. ಎಪಾಕ್ಸಿ (ಗಟ್ಟಿಯಾಗಿ ಅಂಟುವ ಇನ್ನೊಂದು ರಾಳ) ಸಾಕು ಎಂದವರೂ ಇದ್ದರು. ಆದರೆ ಎಪಾಕ್ಸಿಯ ಕೆಲಸ ಒಣಗಿದ, ಅಲುಗಾಡದ ಬಿರುಕಿಗೆ ಬಲ ಕೊಡುವುದು. ನೀರು ಹರಿಯುವಲ್ಲಿ ಅದು ಸರಿಯಾಗಿ ಹಿಡಿಯುವುದಿಲ್ಲ.

ಹಣಕ್ಕಿಂತ ಹೆಚ್ಚಾಗಿ ನನ್ನನ್ನು ಬಾಧಿಸುವುದು ಇನ್ನೊಂದು ತಪ್ಪು. 2016ರ ರಿಯಲ್ ಎಸ್ಟೇಟ್ ಕಾಯ್ದೆಯ 14ನೆಯ ಸೆಕ್ಷನ್ನಿನ ಪ್ರಕಾರ, ಸ್ವಾಧೀನ ಕೊಟ್ಟ ದಿನದಿಂದ ಐದು ವರ್ಷದೊಳಗೆ ರಚನೆಯ ದೋಷವನ್ನು ಬಿಲ್ಡರ್ ಗಮನಕ್ಕೆ ತಂದರೆ, ಅವರು 30 ದಿನಗಳಲ್ಲಿ ಉಚಿತವಾಗಿ ಸರಿಪಡಿಸಬೇಕು. ನಮಗೆ ಆಗ ನಾಲ್ಕನೆಯ ವರ್ಷ. ನಾವು ಲಿಖಿತ ನೋಟಿಸ್ ಕೊಡದೆ ಬೇರೆಯವರಿಂದ ಗೋಡೆ ಕೊರೆಸಿದ್ದರಿಂದ, ಹಾನಿ ನಿಮ್ಮಿಂದಲೇ ಆಯಿತು ಎಂದು ಬಿಲ್ಡರ್ ಹೊಣೆಯಿಂದ ಜಾರಿಕೊಂಡರು. ದಯವಿಟ್ಟು ಗೋಡೆಗೆ ಉಳಿ ತಾಗಿಸುವ ಮೊದಲು ದಿನಾಂಕ ಸಮೇತ ಫೋಟೊ ತೆಗೆದು, ನೋಟಿಸ್ ಕಳುಹಿಸಿ.

ಎರಡನೆಯ ಗುತ್ತಿಗೆಯಲ್ಲಿ ಶೇ. 30ರಷ್ಟು ಹಣವನ್ನು ಹಿಂಗಾರು ಬಹುಪಾಲು ಮುಗಿಯುವವರೆಗೆ, ಅಂದರೆ ನವೆಂಬರ್ ಕೊನೆಯವರೆಗೆ, ತಡೆಹಿಡಿಯುವುದಾಗಿ ಬರೆಸಿದೆವು. ಆ ಷರತ್ತು ಕೇಳಿ ಇಬ್ಬರು ಗುತ್ತಿಗೆದಾರರು ಮರಳಿ ಬರಲೇ ಇಲ್ಲ. ಮೂರನೆಯವರು ಒಪ್ಪಿ ಸಹಿ ಹಾಕಿದರು.